ಬರಿಗಾಲಲ್ಲಿ ಬಂದ ಮಗುವನ್ನು ಗೇಟಿನ ಹೊರಗೆ ನಿಲ್ಲಿಸಬೇಡಿ

ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ, ಮುಖ್ಯ ಶಿಕ್ಷಕರಿಗೆ ಹಾಗೂ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ,

ಮಾನ್ಯರೇ,

ಈ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 29 ವರ್ಷ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದ ನಾನು, ಮಕ್ಕಳ ಕಾಲುಗಳನ್ನು ನೋಡುವುದನ್ನೇ ಕಸುಬು ಮಾಡಿಕೊಂಡಿದ್ದವನು. ಓಡುವಾಗ ಹಿಮ್ಮಡಿ ಹೇಗೆ ಊರುತ್ತದೆ, ಥಟ್ಟನೆ ತಿರುಗುವಾಗ ಹೆಬ್ಬೆರಳು ನೆಲವನ್ನು ಹೇಗೆ ಹಿಡಿಯುತ್ತದೆ, ಯಾವ ಹುಡುಗ ನೋವಿರುವ ಕಾಲಿನ ಮೇಲೆ ಭಾರ ಬಿಡದೆ ಓಡುತ್ತಿದ್ದಾನೆ ಎಂಬುದನ್ನು ದೂರದಿಂದಲೇ ಗುರುತಿಸುವ ಅಭ್ಯಾಸ ನನಗಿದೆ. ಆ ಅಭ್ಯಾಸದಿಂದಾಗಿ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ನಿಮ್ಮೆಲ್ಲರ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಹೋದ ವರ್ಷದ ಜುಲೈ ತಿಂಗಳಲ್ಲಿ, ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಹೆಣ್ಣುಮಕ್ಕಳ ಖೋ-ಖೋ ತಂಡವನ್ನು ಸಿದ್ಧಪಡಿಸಿಕೊಡಬೇಕೆಂದು ಕೇಳಿದ್ದರಿಂದ, ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ನಾನು ತಲುಪುವ ಹೊತ್ತಿಗೆ ಬೆಳಗಿನ ಪ್ರಾರ್ಥನೆ ಶುರುವಾಗಿತ್ತು. ಒಳಗೆ ಮಕ್ಕಳು ಸಾಲಾಗಿ ನಿಂತಿದ್ದರೆ, ಗೇಟಿನ ಹೊರಗೆ ಒಂಬತ್ತು ಮಕ್ಕಳು ಬೇರೆಯಾಗಿ ನಿಂತಿದ್ದರು. ತಡವಾಗಿ ಬಂದವರಿರಬೇಕು ಎಂದುಕೊಂಡು ಹತ್ತಿರ ಹೋದರೆ, ಅವರ ತಪ್ಪು ಬೇರೆಯೇ ಆಗಿತ್ತು: ಒಂಬತ್ತು ಮಕ್ಕಳ ಕಾಲಲ್ಲೂ ಶೂ ಇರಲಿಲ್ಲ. ಒಳಗಿನವರು ನಾಡಗೀತೆ ಎತ್ತಿದಾಗ ಈ ಮಕ್ಕಳು ಗೇಟಿನ ಸರಳು ಹಿಡಿದುಕೊಂಡು ಹೊರಗಿನಿಂದಲೇ ದನಿಗೂಡಿಸಿದರು. ಅವರನ್ನು ಒಳಗೆ ಬಿಟ್ಟದ್ದು ಪ್ರಾರ್ಥನೆ ಮುಗಿದ ಮೇಲೆ, ಅದೂ ಎಲ್ಲರ ಮುಂದೆ ಹೆಸರು ಕರೆದು ಗದರಿಸಿದ ನಂತರ.

ಅವರಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಚೀಲ ತೀರಾ ಉಬ್ಬಿಕೊಂಡಿತ್ತು. "ಯಾಕವ್ವ, ನಿಂಗೆ ಶೂ ಕೊಟ್ಟಿಲ್ವಾ?" ಎಂದು ಕೇಳಿದೆ. "ಕೊಟ್ಟವ್ರೆ ಸಾರ್, ಬ್ಯಾಗಲ್ಲೈತೆ" ಎಂದಳು. ಹಾಗಾದರೆ ಹಾಕಿಕೊಳ್ಳುವುದಕ್ಕೇನು ಎಂದು ಕೇಳಿದ್ದಕ್ಕೆ, "ಬೆಳ್ಳು ನೋಯ್ತೈತೆ ಸಾರ್" ಎಂದು ತಲೆ ತಗ್ಗಿಸಿದಳು. ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಕಾಲು ನೋಡಿದೆ. ಹಿಮ್ಮಡಿಯ ಮೇಲುಭಾಗದಲ್ಲಿ ಬೊಬ್ಬೆ ಎದ್ದು ಒಡೆದು, ಎಂಟಾಣೆಯಷ್ಟು ಅಗಲ ಚರ್ಮ ಕಿತ್ತುಹೋಗಿತ್ತು. ಅದರ ಅಂಚಿಗೆ ಸಾಕ್ಸಿನ ಬಿಳಿ ಎಳೆಗಳು ಇನ್ನೂ ಅಂಟಿಕೊಂಡಿದ್ದವು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ಮಡಚಿಕೊಂಡಿದ್ದು, ಅದರ ಉಗುರು ಕಪ್ಪಾಗಿತ್ತು. ಆ ಹುಡುಗಿ ದಿನವೂ ಹಟ್ಟಿಯಿಂದ ಎರಡು ಕಿಲೋಮೀಟರ್ ನಡೆದು ಬರುವವಳು. ದಾರಿಯುದ್ದಕ್ಕೂ ಶೂಗಳನ್ನು ಚೀಲದಲ್ಲಿ ಹೊತ್ತು ತಂದು ಗೇಟಿನ ಬಳಿ ಹಾಕಿಕೊಳ್ಳುವುದು ಅವಳ ರೂಢಿ. ಅವತ್ತು ಹುಣ್ಣಿನ ಮೇಲೆ ಅದನ್ನು ಏರಿಸಲು ಅವಳಿಂದ ಆಗಿರಲಿಲ್ಲ.

ಮಾನ್ಯರೇ, ನನ್ನ ಕೋರಿಕೆ ಇಷ್ಟೇ. ಬರಿಗಾಲಲ್ಲಿ ಬಂದ ಯಾವ ಮಗುವನ್ನೂ ಈ ಜಿಲ್ಲೆಯ ಯಾವ ಶಾಲೆಯಲ್ಲೂ ಹೊರಗೆ ನಿಲ್ಲಿಸಬಾರದು, ಗದರಿಸಬಾರದು, ದಂಡ ಕೇಳಬಾರದು. ಪಾದರಕ್ಷೆ ಕೊಡುವುದಾದರೆ ಮಗುವಿನ ಪಾದವನ್ನು ಅಳೆದು, ಅದಕ್ಕೆ ಹೊಂದುವಂಥದ್ದನ್ನು ಕೊಡಬೇಕು. ಮಗು ಶಾಲೆಯ ಅಂಗಳದಲ್ಲಿ ಬರಿಗಾಲಲ್ಲಿ ನಿಂತರೂ ಏನೂ ಆಗದಂತೆ ನೆಲವನ್ನು ಇಟ್ಟುಕೊಳ್ಳುವುದು ದೊಡ್ಡವರಾದ ನಮ್ಮ ಕೆಲಸ. ಇದನ್ನು ಹೇಳುವುದಕ್ಕೆ ದೈಹಿಕ ಶಿಕ್ಷಕನಾಗಿದ್ದುದರ ಜೊತೆಗೆ ನನಗೆ ಇನ್ನೊಂದು ಕಾರಣವೂ ಇದೆ. ಅದನ್ನು ಮುಚ್ಚಿಡದೆ ಮೊದಲೇ ಹೇಳುತ್ತೇನೆ.

ನಮ್ಮಜ್ಜ ಚಪ್ಪಲಿ ಹೊಲಿಯುತ್ತಿದ್ದವರು. ತಂಗಡಿ ಚಕ್ಕೆಯಲ್ಲಿ ಹದ ಮಾಡಿದ ಚರ್ಮವನ್ನು ಮೊಣಕಾಲಿನ ಮೇಲೆ ಹರಡಿಕೊಂಡು ಅಟ್ಟೆ ಕತ್ತರಿಸುತ್ತಿದ್ದುದನ್ನು, ಬಾರು ಹೊಸೆಯುತ್ತಿದ್ದುದನ್ನು, ಉಂಗುಷ್ಟ ಕೂರಿಸುತ್ತಿದ್ದುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಇಡೀ ಊರಿಗೆ ಮೆಟ್ಟು ಮಾಡಿಕೊಡುತ್ತಿದ್ದ ಅವರು ಊರೊಳಗಿನ ಬೀದಿಗೆ ಕಾಲಿಡುವಾಗ ತಮ್ಮ ಮೆಟ್ಟನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿ ಎಷ್ಟೋ ವರ್ಷ ಕಳೆದಿದ್ದರೂ ನಮ್ಮೂರಿನ ಆ ಬೀದಿಗೆ ಅದು ತಲುಪಿರಲಿಲ್ಲ. ಊರ ಗೌಡರ ಪಾದವನ್ನು ಮುಟ್ಟಿ ಅಳತೆ ತೆಗೆಯುವಂತೆಯೂ ಇರಲಿಲ್ಲ. ಹಾಗಾಗಿ ಅವರು ಹಸಿ ಮಣ್ಣಿನ ಮೇಲೆ ಒಂದು ಹೆಜ್ಜೆ ಊರಿ ಪಕ್ಕಕ್ಕೆ ಸರಿದ ಮೇಲೆ, ಅಜ್ಜ ಆ ಹೆಜ್ಜೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಜೋಳದ ದಂಟಿನ ಕಡ್ಡಿ ಇಟ್ಟು ಉದ್ದಕ್ಕೊಂದು ಅಡ್ಡಕ್ಕೆರಡು ಅಳತೆ ಮುರಿದುಕೊಳ್ಳುತ್ತಿದ್ದರು: ಬೆರಳುಗಳ ಬುಡದಲ್ಲಿ ಒಂದು, ಹಿಮ್ಮಡಿಯಲ್ಲಿ ಒಂದು. ಹಾಗೆ ಮಾಡಿದ ಚಪ್ಪಲಿ ಕಚ್ಚಿತೆಂದು ಯಾರೂ ಹಿಂದಿರುಗಿಸಿದ್ದನ್ನು ನಾನು ಕಾಣೆ.

ಆದ್ದರಿಂದ, ಬರಿಗಾಲೆಂದರೆ ಬಹಳ ಆರೋಗ್ಯ, ಬಡವರ ಮಕ್ಕಳಿಗೆ ಶೂ ಏಕೆ ಎಂದು ಯಾರಾದರೂ ಈ ಪತ್ರವನ್ನು ಮುಂದಿಟ್ಟುಕೊಂಡು ವಾದಿಸಿದರೆ ಅದನ್ನು ನಾನು ಒಪ್ಪುವುದಿಲ್ಲ. ಮೆಟ್ಟಲು ಬಿಡದೆ ಬರಿಗಾಲಲ್ಲಿ ನಡೆಸುವುದು ಬೇರೆ, ತನಗೆ ಹಿತವೆಂದು ಬರಿಗಾಲಲ್ಲಿ ನಡೆಯುವುದು ಬೇರೆ. ಮೊದಲನೆಯದನ್ನು ನನ್ನ ಮನೆಯಲ್ಲೇ ಕಂಡಿದ್ದೇನೆ. ಸರ್ಕಾರ ವಿದ್ಯಾವಿಕಾಸ ಯೋಜನೆಯಲ್ಲಿ 1ರಿಂದ 10ನೇ ತರಗತಿಯ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡಲು ಶುರುಮಾಡಿದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ನಮ್ಮ ಕೇರಿಯ ಮಗು ಊರಗೌಡರ ಮಗುವಿನ ಪಕ್ಕದಲ್ಲಿ ಅದೇ ಶೂ ಹಾಕಿಕೊಂಡು ನಿಂತದ್ದನ್ನು ನೋಡಿ ನನ್ನ ಕಣ್ಣು ತುಂಬಿತ್ತು. ಆ ಯೋಜನೆ ಮುಂದುವರಿಯಬೇಕು. ಆದರೆ ಮಗುವಿಗೆ ಮರ್ಯಾದೆ ತಂದುಕೊಡಬೇಕೆಂದು ಬಂದ ಆ ಶೂ, ಅದೇ ಮಗುವನ್ನು ಗೇಟಿನ ಹೊರಗೆ ನಿಲ್ಲಿಸುವ ನೆಪವಾದರೆ, ಅಜ್ಜ ಕೈಯಲ್ಲಿ ಮೆಟ್ಟು ಹಿಡಿದು ದಾಟುತ್ತಿದ್ದ ಬೀದಿಯೇ ನನಗೆ ಅಲ್ಲಿ ಮತ್ತೆ ಕಾಣುತ್ತದೆ.

ಆ ಶಾಲೆಯಲ್ಲಿ ಅವತ್ತು ಮಧ್ಯಾಹ್ನ ನಾನೊಂದು ಕೆಲಸ ಮಾಡಿದೆ. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳನ್ನು ಜಗಲಿಯ ಮೇಲೆ ಹಳೆಯ ಪತ್ರಿಕೆಯ ಹಾಳೆಗಳ ಮೇಲೆ ನಿಲ್ಲಿಸಿ, ಪ್ರತಿಯೊಬ್ಬರ ಪಾದದ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದು, ಆ ಗೆರೆಯ ಮೇಲೆ ಅವರವರ ಶೂವನ್ನು ಇಟ್ಟು ತೋರಿಸಿದೆ. ಬಹಳಷ್ಟು ಮಕ್ಕಳಲ್ಲಿ ಉದ್ದ ಹೇಗೋ ಹೊಂದುತ್ತಿತ್ತು, ಅಗಲ ಹೊಂದುತ್ತಿರಲಿಲ್ಲ. ಬೆರಳುಗಳು ಹರಡಿಕೊಳ್ಳುವ ಜಾಗದಲ್ಲಿ ಸೀಮೆಸುಣ್ಣದ ಗೆರೆ ಶೂವಿನ ಎರಡೂ ಬದಿಯಲ್ಲಿ ಹೊರಗೇ ಉಳಿಯುತ್ತಿತ್ತು, ಕೆಲವರಲ್ಲಿ ಒಂದು ಕಿರುಬೆರಳಿನಷ್ಟು. ಹುಟ್ಟಿದಾಗಿನಿಂದ ಹೊಲದ ಬದುವಿನಲ್ಲಿ, ಹಟ್ಟಿಯಲ್ಲಿ, ಕೆರೆಯಂಗಳದಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದ ಪಾದ ಮುಂಭಾಗದಲ್ಲಿ ಬೀಸಣಿಗೆಯಂತೆ ಅಗಲವಾಗಿರುತ್ತದೆ. ಅಂಗಡಿಯ ಶೂವಿನ ಮೂತಿಯಾದರೋ ಮುಂದೆ ಹೋದಂತೆ ಕಿರಿದಾಗುತ್ತದೆ. ಮಕ್ಕಳು ತಮ್ಮ ತಮ್ಮ ಹಾಳೆಗಳನ್ನು ನೋಡಿ ತಾವೇ ಕಾರಣ ಹೇಳಿದರು, ನಾನು ವಿವರಿಸಬೇಕಾಗಲಿಲ್ಲ.

ಹೀಗಾಗುವುದಕ್ಕೆ ಶೂ ಕೊಳ್ಳುವ ಸಮಿತಿಯವರ ದುರುದ್ದೇಶ ಕಾರಣವೆಂದು ನಾನು ಹೇಳುತ್ತಿಲ್ಲ. 2022-23ರಲ್ಲಿ ಒಂದು ಜೊತೆ ಶೂ ಮತ್ತು ಎರಡು ಜೊತೆ ಸಾಕ್ಸಿಗೆ 1ರಿಂದ 5ನೇ ತರಗತಿಯ ಮಗುವಿಗೆ 265 ರೂಪಾಯಿ, 6ರಿಂದ 8ಕ್ಕೆ 295 ರೂಪಾಯಿ, 9 ಮತ್ತು 10ಕ್ಕೆ 325 ರೂಪಾಯಿ ಎಂದು ದರ ನಿಗದಿಯಾಗಿತ್ತು. ಆ ದುಡ್ಡಿನಲ್ಲಿ ಸಿಗುವುದು ಎಂಥ ಶೂ ಎಂಬುದು ಕೊಂಡವರಿಗೆಲ್ಲ ಗೊತ್ತು. ಮೇಲುಹೊದಿಕೆ ರೆಕ್ಸಿನ್ನಿನದಾದ್ದರಿಂದ ಗಾಳಿಯಾಡುವುದಿಲ್ಲ, ಅಟ್ಟೆ ಬಾಗುವುದಿಲ್ಲ, ದಸರಾ ರಜೆಯ ಹೊತ್ತಿಗೆ ಮುಂಭಾಗ ಬಾಯಿ ಬಿಡುತ್ತದೆ. ಮೇಲಾಗಿ, ಅಂಗಡಿಯವನಿಗೆ ಕೊಡುವ ಪಟ್ಟಿಯಲ್ಲಿ ತರಗತಿ ಇರುತ್ತದೆ, ಪಾದ ಇರುವುದಿಲ್ಲ. ನಾಲ್ಕನೇ ತರಗತಿಗೆ ಇಷ್ಟು ಜೊತೆ ಈ ಸೈಜು ಎಂದು ಬರೆದುಕೊಟ್ಟರೆ ಅವನು ಅಷ್ಟನ್ನೇ ಮೂಟೆ ಕಟ್ಟಿ ಕಳಿಸುತ್ತಾನೆ. ಮುಟ್ಟಲು ಬಿಡದವರ ಪಾದವನ್ನೂ ಅಜ್ಜ ಮಣ್ಣಿನ ಹೆಜ್ಜೆ ನೋಡಿ ಅಳೆದರು; ನಮ್ಮ ಕಣ್ಣೆದುರಿಗೇ ಕುಳಿತಿರುವ ಮಕ್ಕಳ ಪಾದವನ್ನು ನಾವು ಹಾಜರಿ ಪುಸ್ತಕ ನೋಡಿ ಅಳೆಯುತ್ತಿದ್ದೇವೆ. ಸ್ಥಳೀಯ ಹವಾಮಾನಕ್ಕೆ ತಕ್ಕಂತೆ ಶೂ ಬದಲು ಚಪ್ಪಲಿಯನ್ನೂ ಕೊಡಿಸಬಹುದೆಂಬ ಅವಕಾಶವನ್ನು ಇಲಾಖೆ ಕೊಟ್ಟಿದ್ದರೂ, ನಾನು ಹೋದ ಶಾಲೆಗಳಲ್ಲಿ ಅದನ್ನು ಬಳಸಿಕೊಂಡವರು ಸಿಗಲಿಲ್ಲ. ಕಪ್ಪು ಶೂ ಇದ್ದರೇ ಶಿಸ್ತು ಎಂಬ ಭಾವನೆ ಅಷ್ಟು ಆಳವಾಗಿ ಕೂತಿದೆ.

ಈ ಶಿಸ್ತು ದಿನದಲ್ಲಿ ಎಷ್ಟು ಹೊತ್ತು ಮಗುವಿನ ಕಾಲಲ್ಲಿರುತ್ತದೆ ಎಂಬುದನ್ನೂ ನೋಡಿ. ನಲಿ-ಕಲಿ ತರಗತಿಯ ಮಕ್ಕಳು ನೆಲದ ಮೇಲೆ ಕುಳಿತು ಕಲಿಯುವವರು. ಶೂ ಬಾಗಿಲಲ್ಲೇ ಬಿಡಬೇಕು. ಬಿಸಿಯೂಟಕ್ಕೆ ಸಾಲಾಗಿ ಕುಳಿತುಕೊಳ್ಳುವಾಗ ಮತ್ತೆ ಬಿಡಬೇಕು. ಆಟಕ್ಕೆ ಹೋಗುವಾಗ ಕಟ್ಟಬೇಕು, ಬಂದು ಬಿಚ್ಚಬೇಕು. ಆರು ವರ್ಷದ ಮಗುವಿಗೆ ಲೇಸು ಕಟ್ಟಲು ಬರುವುದಿಲ್ಲವಾದ್ದರಿಂದ ಅದು ಹಿಮ್ಮಡಿಯ ಭಾಗವನ್ನು ತುಳಿದು, ಶೂವನ್ನು ಚಪ್ಪಲಿಯಂತೆ ಎಳೆದುಕೊಂಡು ಓಡುತ್ತದೆ, ಎಡವಿ ಬೀಳುತ್ತದೆ. ಮಳೆಗಾಲದಲ್ಲಿ ನೆನೆದ ಸಾಕ್ಸು ಸಂಜೆಯವರೆಗೂ ಕಾಲಲ್ಲೇ ಉಳಿದು ಬೆರಳುಸಂದಿಯಲ್ಲಿ ಬೆಳ್ಳಗೆ ಕೆಸರುಹುಣ್ಣಾಗುವುದನ್ನು ನೋಡದ ದೈಹಿಕ ಶಿಕ್ಷಕರಿಲ್ಲ. ಹಿಂದೆ ಪಟ್ಟಿ ಇರುವ ಒಂದು ಸಾದಾ ಸ್ಯಾಂಡಲ್ ಇದ್ದರೆ ಮಗು ತಾನೇ ಹಾಕಿಕೊಳ್ಳುತ್ತದೆ, ತಾನೇ ಬಿಡುತ್ತದೆ, ಒದ್ದೆಯಾದರೂ ಅರ್ಧ ಗಂಟೆಯಲ್ಲಿ ಒಣಗುತ್ತದೆ.

ಮಕ್ಕಳ ಪಾದಕ್ಕೆ ಮುಚ್ಚಿದ ಶೂ ಕಡ್ಡಾಯವಾಗಿ ಬೇಕು, ಇಲ್ಲದಿದ್ದರೆ ಪಾದ ಸರಿಯಾಗಿ ಬೆಳೆಯುವುದಿಲ್ಲ ಎಂದು ಹೇಳುವ ಶಿಕ್ಷಕ ಮಿತ್ರರಿದ್ದಾರೆ. ಇದಕ್ಕೆ ಉತ್ತರ ನಮ್ಮ ರಾಜ್ಯದ ವೈದ್ಯರೇ ಕೊಟ್ಟು ಬಹಳ ಕಾಲವಾಗಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆತಜ್ಞರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಯ ಅಚ್ಚು ತೆಗೆದು ಪರೀಕ್ಷಿಸಿ, 1992ರಲ್ಲಿ ಬ್ರಿಟನ್ನಿನ ಮೂಳೆಶಸ್ತ್ರಚಿಕಿತ್ಸಾ ಪತ್ರಿಕೆಯೊಂದರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪಾದರಕ್ಷೆ ಮೆಟ್ಟುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದ (ಅಂಗಾಲಿನಲ್ಲಿ ಕಮಾನಿಲ್ಲದ ಪಾದ) ಇದ್ದರೆ, ಬರಿಗಾಲಿನ ಮಕ್ಕಳಲ್ಲಿ ಅದು ಶೇ 2.8ರಷ್ಟು ಮಾತ್ರ ಇತ್ತು. ಪಾದರಕ್ಷೆಗಳಲ್ಲೇ ನೋಡಿದರೆ, ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಅದು ಹೆಚ್ಚು, ಚಪ್ಪಲಿ ಮತ್ತು ಸ್ಯಾಂಡಲ್ ಹಾಕುವವರಲ್ಲಿ ಕಡಿಮೆ. ಜೋಸೆಫ್ ಅವರೇ ಇನ್ನೊಬ್ಬ ವೈದ್ಯರ ಜೊತೆ 1995ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಬೆಳವಣಿಗೆ ಮುಗಿದ 1,846 ಜನರ ಹೆಜ್ಜೆಯಚ್ಚು ನೋಡಿದಾಗಲೂ, 16 ವರ್ಷದ ನಂತರ ಶೂ ಹಾಕಲು ಶುರುಮಾಡಿದವರಲ್ಲಿ ಚಪ್ಪಟೆ ಪಾದ ಕಡಿಮೆ ಇರುವುದು ಕಂಡಿತು. ಚಪ್ಪಟೆ ಪಾದವಿದ್ದ ಮಾತ್ರಕ್ಕೆ ಎಲ್ಲರಿಗೂ ನೋವಾಗುತ್ತದೆ ಎಂದಲ್ಲ. ಎಷ್ಟೋ ಮಂದಿ ಅದರಲ್ಲೇ ಚೆನ್ನಾಗಿ ಓಡುತ್ತಾರೆ. ಆದರೆ ಬರಿಗಾಲು ಮಗುವಿನ ಪಾದವನ್ನು ಕೆಡಿಸುತ್ತದೆ ಎಂಬ ಮಾತಿಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಎಳೆಯ ಮಕ್ಕಳಲ್ಲಿ ಅವುಗಳ ಬಹುಭಾಗ ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತದೆ. ಅಂಗಾಲಿನ ಕಮಾನು ಹುಟ್ಟಿನಿಂದ ಬರುವುದಲ್ಲ, ಬಾಲ್ಯದಲ್ಲಿ ನಿಧಾನವಾಗಿ ಮೂಡುವಂಥದ್ದು. ಬೆರಳು ನೆಲವನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಪಾದದ ಸಣ್ಣ ಸಣ್ಣ ಸ್ನಾಯುಗಳು ಬಲಿಯುತ್ತವೆ. ಖೋ-ಖೋ, ಕಬಡ್ಡಿ ಆಟಗಳನ್ನು ನಾವು ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲೇ ಆಡಿ, ಬರಿಗಾಲಲ್ಲೇ ಕಲಿಸಿದವರು. ದಾವಣಗೆರೆಯ ಗರಡಿಮನೆಗಳಲ್ಲಿ ಕೆಮ್ಮಣ್ಣಿಗೆ ಕೈಮುಗಿದು ಬರಿಗಾಲಲ್ಲಿ ಇಳಿಯುವ ಪೈಲ್ವಾನರ ಕಾಲ್ಬೆರಳುಗಳನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಇನ್ನೊಂದು ಮಾತು ನನ್ನನ್ನು ಬಹಳ ನೋಯಿಸುತ್ತದೆ: "ಈ ಮಕ್ಕಳ ಅಂಗಾಲು ಕಲ್ಲಾಗಿರ್ತದೆ, ಇವರಿಗೇನೂ ಗೊತ್ತಾಗಲ್ಲ" ಎಂಬ ಮಾತು. ಕೂಲಿಯವರ ಬಗ್ಗೆ, ಕುರಿ ಕಾಯುವವರ ಬಗ್ಗೆ, ನಮ್ಮಜ್ಜನಂಥವರ ಬಗ್ಗೆ ಇದನ್ನು ಹೇಳುತ್ತ ಬಂದಿದ್ದಾರೆ. ಪಶ್ಚಿಮ ಕೀನ್ಯಾದಲ್ಲಿ ಬರಿಗಾಲಲ್ಲೇ ಓಡಾಡುವವರನ್ನೂ ಶೂ ಹಾಕುವವರನ್ನೂ ಪರೀಕ್ಷಿಸಿ 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಬರಿಗಾಲಿನವರ ಅಂಗಾಲಿನ ಚರ್ಮ ದಪ್ಪವಾಗಿದ್ದರೂ ನೆಲದ ಸ್ಪರ್ಶವನ್ನು ಗ್ರಹಿಸುವ ಶಕ್ತಿ ಅದರಿಂದ ಕುಂದುವುದಿಲ್ಲ ಎಂದು ತೋರಿಸಿತು. ಅಂದರೆ ದಪ್ಪ ಚರ್ಮ ಕಾಪಾಡುತ್ತದೆ, ಆದರೆ ಜಡವಾಗಿಸುವುದಿಲ್ಲ. ಮಟಮಟ ಮಧ್ಯಾಹ್ನ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು ಬರುವ ಹುಡುಗನಿಗೂ ಕಾಲು ಸುಡುತ್ತದೆ. ಅವನು ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಹಾಗೆಂದು ಬರಿಗಾಲಿನ ಅಪಾಯಗಳನ್ನು ನಾನು ಚಿಕ್ಕದು ಮಾಡಿ ಹೇಳಲಾರೆ. ಅವುಗಳಲ್ಲಿ ಮೊದಲನೆಯದು ಕೊಕ್ಕೆಹುಳು. ಬಯಲಿನಲ್ಲಿ ಮಲವಿಸರ್ಜನೆಯಾದ ಕಡೆ ಅದರ ಮರಿಗಳು ತೇವದ, ನೆರಳಿನ ಮಣ್ಣಿನಲ್ಲಿ ಬದುಕಿದ್ದು, ಬರಿಗಾಲಿನ ಚರ್ಮವನ್ನು, ಅದರಲ್ಲೂ ಬೆರಳುಸಂದಿಯನ್ನು ಕೊರೆದು ಒಳಹೊಕ್ಕು, ರಕ್ತದೊಡನೆ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ಕೊನೆಗೆ ಕರುಳಿಗೆ ಸೇರಿ ರಕ್ತ ಹೀರುತ್ತವೆ. ಮಗು ಬಿಳಿಚಿಕೊಳ್ಳುತ್ತದೆ, ಓಟದಲ್ಲಿ ಬೇಗ ಏದುಸಿರು ಬಿಡುತ್ತದೆ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಯಲ್ಲೇ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಒಂದು ಮಗುವೂ ತಪ್ಪಿಸಿಕೊಳ್ಳದಂತೆ ನೋಡಬೇಕು. ಶೌಚಾಲಯಕ್ಕಂತೂ ಬರಿಗಾಲಲ್ಲಿ ಹೋಗಲೇಬಾರದು. ಇದಕ್ಕೆ ಶೂ ಪರಿಹಾರವಲ್ಲ, ಏಕೆಂದರೆ ತರಗತಿಯಿಂದ ಅವಸರದಲ್ಲಿ ಎದ್ದು ಹೋಗುವ ಮಗು ಲೇಸು ಕಟ್ಟುತ್ತ ಕೂರುವುದಿಲ್ಲ, ಬರಿಗಾಲಲ್ಲೇ ಓಡುತ್ತದೆ. ಶೌಚಾಲಯದ ಬಾಗಿಲ ಬಳಿ ಆರೆಂಟು ಜೊತೆ ಹವಾಯಿ ಚಪ್ಪಲಿ ಇಟ್ಟರೆ ಸಾಕು. ನಾನು ಕೆಲಸ ಮಾಡಿದ ಕೊನೆಯ ಶಾಲೆಯಲ್ಲಿ ಇಟ್ಟಿದ್ದೆವು. ಚಿಕ್ಕ ಮಕ್ಕಳು ದೊಡ್ಡ ಚಪ್ಪಲಿ ಹಾಕಿಕೊಂಡು ಟಪಟಪ ಸದ್ದು ಮಾಡುತ್ತ ಹೋಗಿಬರುತ್ತಿದ್ದರು. ಒಂದು ವಾರದಲ್ಲಿ ಎಲ್ಲರಿಗೂ ರೂಢಿಯಾಯಿತು.

ಹಾವಿನ ಭಯವೂ ನಿಜವೇ. ನಮ್ಮ ಕಡೆಯ ಹೊಲಗಳಲ್ಲಿ, ಬಳ್ಳಾರಿ ಜಾಲಿಯ ಪೊದೆಗಳಲ್ಲಿ ಕೊಳಕುಮಂಡಲ ಇರುತ್ತದೆ. ಹಾವು ಕಡಿತದಲ್ಲಿ ಹೆಚ್ಚಿನವು ಪಾದಕ್ಕೂ ಮೊಣಕಾಲಿನ ಕೆಳಗೂ ಆಗುವಂಥವು. ಮುಸ್ಸಂಜೆ ಹೊಲದ ದಾರಿಯಲ್ಲಿ ಮನೆಗೆ ಹೋಗುವ ಮಕ್ಕಳು ಕಾಲಿಗೇನಾದರೂ ಹಾಕಿಕೊಂಡೇ ಹೋಗಬೇಕು. ಇನ್ನು, ಈ ಪತ್ರ ಓದುವ ಹಿರಿಯರಲ್ಲಿ ಸಕ್ಕರೆ ಕಾಯಿಲೆ ಇರುವವರು ಯಾರೂ ಬರಿಗಾಲ ನಡಿಗೆಯ ಪ್ರಯೋಗಕ್ಕೆ ಕೈಹಾಕಬಾರದೆಂದು ವಿನಂತಿಸುತ್ತೇನೆ. ಪಾದದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಗಾಯವಾದದ್ದೇ ತಿಳಿಯದೆ ಅದು ಬಲಿತು ಕಾಲನ್ನೇ ಕಳೆದುಕೊಳ್ಳುವವರೆಗೂ ಹೋಗುತ್ತದೆ.

ಈಗ ನೆಲದ ವಿಷಯ. ಬರಿಗಾಲಿನ ಮಗುವನ್ನು ಗದರಿಸುವಾಗ ನಾವು ಕೊಡುವ ಕಾರಣ "ಮುಳ್ಳು ಚುಚ್ಚುತ್ತೆ, ಗಾಜು ಚುಚ್ಚುತ್ತೆ" ಎಂಬುದು. ಶಾಲೆಯ ಅಂಗಳದಲ್ಲಿ ಗಾಜು ಎಲ್ಲಿಂದ ಬಂತು? ಊರಿಗೆಲ್ಲ ಗೊತ್ತಿರುವ ವಿಷಯವನ್ನು ಬರೆಯುತ್ತಿದ್ದೇನೆ: ಸಂಜೆಯಾದ ಮೇಲೆ ನಮ್ಮ ಎಷ್ಟೋ ಶಾಲೆಗಳ ಮೈದಾನಗಳು ಕುಡಿಯುವವರ ಜಾಗಗಳಾಗುತ್ತವೆ. ಸೋಮವಾರ ಬೆಳಿಗ್ಗೆ ಏಳಕ್ಕೇ ಮೈದಾನಕ್ಕೆ ಹೋಗುವುದು ನನ್ನ ಪದ್ಧತಿಯಾಗಿತ್ತು, ಏಕೆಂದರೆ ಎಳೆಬಿಸಿಲು ಓರೆಯಾಗಿ ಬೀಳುವ ಆ ಹೊತ್ತಿನಲ್ಲಿ ಮಾತ್ರ ಗಾಜಿನ ಚೂರುಗಳು ಮಿನುಗಿ ತಾವಾಗಿ ಕಾಣಿಸಿಕೊಳ್ಳುತ್ತವೆ. ಹತ್ತು ಗಂಟೆಯ ಬಿಸಿಲಿನಲ್ಲಿ ಅವು ಬೆಣಚುಕಲ್ಲಿನ ಚೂರುಗಳೊಡನೆ ಬೆರೆತು ಕಣ್ಣಿಗೆ ಸಿಗುವುದಿಲ್ಲ. ಸೂರ್ಯನಿಗೆ ಎದುರಾಗಿ, ಮೈದಾನವನ್ನು ಉಳುವವರಂತೆ ಸಾಲು ಹಿಡಿದು ನಡೆಯುತ್ತ ಒಂದೊಂದನ್ನೇ ಆಯ್ದು ಹಾಲಿನ ಪುಡಿಯ ಖಾಲಿ ಡಬ್ಬಿಗೆ ಹಾಕುತ್ತಿದ್ದೆ. ಒಂದು ಹಬ್ಬದ ಮರುದಿನ ಆ ಡಬ್ಬಿ ಅರ್ಧ ತುಂಬಿತ್ತು. ಅದನ್ನು ಹಾಗೆಯೇ ಗ್ರಾಮ ಪಂಚಾಯಿತಿ ಕಚೇರಿಗೆ ಒಯ್ದು ಮೇಜಿನ ಮೇಲೆ ಇಟ್ಟು ಬಂದಿದ್ದೆ. ಭರವಸೆ ಕೊಟ್ಟರು, ಕಾಂಪೌಂಡ್ ಆಗಲಿಲ್ಲ.

ಮುಳ್ಳಿಗಂತೂ ನಮ್ಮ ಸೀಮೆಯಲ್ಲಿ ಬರವಿಲ್ಲ. ಬೇಲಿಯ ಜಾಲಿ, ಕಾರೆ, ಮಳೆ ನಿಂತ ಮೇಲೆ ನೆಲಕ್ಕಂಟಿ ಹಬ್ಬುವ ನೆಗ್ಗಿಲು, ಒಂದೊಂದರ ಚುಚ್ಚೂ ಒಂದೊಂದು ಬಗೆ. ಮುರಿದ ಮುಳ್ಳಿನ ಮೇಲೆ ಎಕ್ಕದ ಹಾಲು ಹಚ್ಚಿ, ಮರುದಿನ ನಮ್ಮವ್ವ ದೀಪದ ಬೆಳಕಿನಲ್ಲಿ ಪಿನ್ನಿನ ತುದಿಯಿಂದ ಅದನ್ನು ಎತ್ತುತ್ತಿದ್ದುದು ನನಗೆ ಇನ್ನೂ ನೆನಪಿದೆ. ಆದರೆ ಶಾಲೆಯಂಗಳ ಕಾಡಲ್ಲ. ನೆಗ್ಗಿಲನ್ನು ಹೂಬಿಡುವ ಮೊದಲೇ ಕಿತ್ತರೆ ಕಾಯಿ ಕಟ್ಟುವುದಿಲ್ಲ, ಮುಳ್ಳು ಉದುರುವುದಿಲ್ಲ. ಎರಡು ಮಳೆಗಾಲ ಹಾಗೆ ಬಿಡದೆ ಕಿತ್ತ ನಮ್ಮ ಖೋ-ಖೋ ಅಂಕಣದಲ್ಲಿ ಮೂರನೆಯ ವರ್ಷ ಹುಡುಕಿದರೂ ನೆಗ್ಗಿಲು ಸಿಗುತ್ತಿರಲಿಲ್ಲ. ಉದ್ಯೋಗ ಖಾತರಿ ಯೋಜನೆಯ ಕಾಮಗಾರಿಯಾಗಿ ಆಟದ ಮೈದಾನ, ಶಾಲಾ ಕಾಂಪೌಂಡ್ ಕಟ್ಟಿಸಿಕೊಂಡ ಪಂಚಾಯಿತಿಗಳು ನಮ್ಮ ರಾಜ್ಯದಲ್ಲೇ ಇವೆ. ಅಂಗಳವಿಡೀ ಸಿಮೆಂಟು ಹಾಸುವ ಈಚಿನ ಉತ್ಸಾಹ ಮಾತ್ರ ಬೇಡ. ನಮ್ಮ ಜಿಲ್ಲೆಯ ಮಾರ್ಚ್ ಬಿಸಿಲಿನಲ್ಲಿ ಅದು ಕಾದ ಹೆಂಚಾಗುತ್ತದೆ. ಮಣ್ಣಿನ ಅಂಗಳ, ಸುತ್ತಲೂ ನಾಲ್ಕು ಬೇವು, ನಾಲ್ಕು ಹೊಂಗೆ ಇದ್ದರೆ ಮಗುವಿನ ಪಾದಕ್ಕೂ ತಂಪು, ತಲೆಗೂ ತಂಪು.

ಬರಿಗಾಲನ್ನು ನಾವು ಅಸಭ್ಯವೆಂದು ನಿಜವಾಗಿಯೂ ನಂಬಿದ್ದೇವೆಯೇ ಎಂದು ನನ್ನನ್ನು ನಾನು ಕೇಳಿಕೊಂಡಿದ್ದೇನೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಕಾಡುಗೊಲ್ಲರು ನಡೆಸುವ ಕ್ಯಾತಪ್ಪನ ಜಾತ್ರೆಯಲ್ಲಿ ಬಾರೆಮುಳ್ಳಿನಿಂದ ಕಟ್ಟಿದ ಗುಡಿಯನ್ನು ಬರಿಗಾಲಲ್ಲಿ ಏರಿ ಕಳಸ ಇಳಿಸುವವರನ್ನು ಸಾವಿರಾರು ಜನ ಭಕ್ತಿಯಿಂದ ನೋಡುತ್ತಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ ಬರಿಗಾಲಲ್ಲಿ ನಡೆದು ಬರುವವರಿಗೆ ದಾರಿಯುದ್ದಕ್ಕೂ ನೀರು ಮಜ್ಜಿಗೆ ಕೊಟ್ಟು ಉಪಚರಿಸುತ್ತೇವೆ. 2021ರ ನವೆಂಬರ್‌ನಲ್ಲಿ ಅಂಕೋಲಾ ತಾಲ್ಲೂಕಿನ ತುಳಸಿ ಗೌಡ ಅವರು ತಮ್ಮ ಹಾಲಕ್ಕಿ ಉಡುಗೆಯಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನದ ಸಭಾಂಗಣದಲ್ಲಿ ನಡೆದು ಹೋಗಿ ಪದ್ಮಶ್ರೀ ಸ್ವೀಕರಿಸಿದಾಗ, ಆ ಚಿತ್ರವನ್ನು ನಮ್ಮ ಶಾಲೆಗಳ ಗೋಡೆಗಳಿಗೂ ಅಂಟಿಸಿದೆವು. ರಾಷ್ಟ್ರಪತಿಗಳ ಮುಂದೆ ಸಲ್ಲುವ ಪಾದ ನಮ್ಮ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಏಕೆ ಸಲ್ಲಬಾರದು?

ಕಾನೂನಿನ ಮಾತನ್ನೂ ಒಂದೇ ವಾಕ್ಯದಲ್ಲಿ ನೆನಪಿಸುತ್ತೇನೆ: ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಮತ್ತು ಶೂ ಇಲ್ಲವೆಂದು ಎಲ್ಲರೆದುರು ಹೊರಗೆ ನಿಲ್ಲಿಸುವುದು ಕಿರುಕುಳವಲ್ಲದೆ ಬೇರೇನೂ ಅಲ್ಲ.

ಆದ್ದರಿಂದ ಉಪನಿರ್ದೇಶಕರಲ್ಲಿ ನನ್ನ ವಿನಂತಿ ಏನೆಂದರೆ, ಬರಿಗಾಲಿನ ಕಾರಣಕ್ಕೆ ಯಾವ ಮಗುವನ್ನೂ ಪ್ರಾರ್ಥನೆಯಿಂದ, ತರಗತಿಯಿಂದ, ಆಟದಿಂದ ದೂರ ಇಡಬಾರದೆಂದು ಮುಂದಿನ ಶಾಲಾ ಆರಂಭಕ್ಕೆ ಮುಂಚೆ ಎಲ್ಲ ಶಾಲೆಗಳಿಗೂ ಸ್ಪಷ್ಟ ಸುತ್ತೋಲೆ ಕಳಿಸಬೇಕು. ಸಮಿತಿಗಳ ಅಧ್ಯಕ್ಷರಲ್ಲಿ ವಿನಂತಿ ಏನೆಂದರೆ, ಪಾದರಕ್ಷೆ ಕೊಳ್ಳುವ ಮುಂಚೆ ಪ್ರತಿ ಮಗುವಿನ ಪಾದದ ಗೆರೆ ತೆಗೆದು, ಆ ಹಾಳೆಗಳನ್ನೇ ಅಂಗಡಿಗೆ ಒಯ್ಯಬೇಕು, ಬೆಳೆಯುವ ಪಾದಕ್ಕೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಮುಂದೆ ಬಿಡಿಸಬೇಕು, ಮುಂಭಾಗ ಅಗಲವಿರುವ ಸ್ಯಾಂಡಲ್ ಸಿಕ್ಕಿದರೆ ಶೂಗಿಂತ ಅದನ್ನೇ ಆರಿಸಬೇಕು. ನಮ್ಮ ಜಿಲ್ಲೆಯಲ್ಲಿ ಚಪ್ಪಲಿ ಹೊಲಿಯಬಲ್ಲ ಕೈಗಳು ಇನ್ನೂ ಉಳಿದಿವೆ. ಅವರನ್ನೂ, ರಾಜ್ಯ ಸರ್ಕಾರದ ಚರ್ಮೋದ್ಯಮ ಸಂಸ್ಥೆಯಾದ ಲಿಡ್ಕರ್ ನಿಗಮವನ್ನೂ ಒಮ್ಮೆ ಕೇಳಿ ನೋಡಬೇಕು. ದೈಹಿಕ ಶಿಕ್ಷಕ ಮಿತ್ರರು ಸೋಮವಾರ ಬೆಳಿಗ್ಗೆ ಮೈದಾನವನ್ನು ಒಮ್ಮೆ ಸುತ್ತಿ ಬಂದು, ದಿನಕ್ಕೊಂದು ಅವಧಿಯಾದರೂ ಮಕ್ಕಳನ್ನು ಆ ಮಣ್ಣಿನಲ್ಲಿ ಬರಿಗಾಲಲ್ಲಿ ಆಡಲು ಬಿಡಬೇಕು.

ಆ ಒಂಬತ್ತು ಮಕ್ಕಳಲ್ಲಿ ನಾಲ್ವರು ನಮ್ಮ ಖೋ-ಖೋ ತಂಡದಲ್ಲಿದ್ದರು. ಉಬ್ಬಿದ ಚೀಲದ ಹುಡುಗಿಯ ಹಿಮ್ಮಡಿಯ ಗಾಯ ಹನ್ನೆರಡು ದಿನದಲ್ಲಿ ಮಾಯಿತು. ಅಷ್ಟು ದಿನವೂ ಅವಳು ಶಾಲೆಗೆ ಅಣ್ಣನ ಹಳೆಯ ಚಪ್ಪಲಿಯಲ್ಲಿ ಬರಲು ಮುಖ್ಯ ಶಿಕ್ಷಕರು ಒಪ್ಪಿದರು. ಹಾಳೆಯ ಮೇಲಿನ ಗೆರೆಗಳನ್ನು ನೋಡಿದ ಮೇಲೆ ಅವರು ನನ್ನೊಡನೆ ವಾದ ಮಾಡಲಿಲ್ಲ. ಜೂನ್ ತಿಂಗಳ ಶನಿವಾರಗಳಲ್ಲಿ, ಕರೆದ ಯಾವ ಶಾಲೆಗಾದರೂ ಬಂದು ಮಕ್ಕಳ ಪಾದದ ಅಳತೆ ತೆಗೆದುಕೊಡಲು ನಾನು ಸಿದ್ಧನಿದ್ದೇನೆ. ಹಳೆಯ ಪತ್ರಿಕೆಗಳನ್ನೂ ಸೀಮೆಸುಣ್ಣವನ್ನೂ ನಾನೇ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ,
ಚಿತ್ರದುರ್ಗ